ಎದುರು ಕಿಟಕಿಯ ಏಣಿ

ಫೆಬ್ರವರಿ 3

ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತ ಮಹನೀಯರೇ, ಹಿಂದಿನ ಸಾಲಿನಲ್ಲಿ ಕತ್ತು ಉದ್ದ ಮಾಡಿ ನಿಂತ ಮಹಾಜನಗಳೇ, ಜಾಗ ಸಾಲದೆ ಕಂಬ ಹತ್ತಿದ ವೀರರೇ, ಗದ್ದಲ ನಿಲ್ಲಲಿ! ಕಿವಿಗಳು ಇತ್ತ ತಿರುಗಲಿ! ಪರದೆ ಮೇಲೇಳುತ್ತಿದೆ!

ಅಂದರೆ, ಮಿಡತೆ ಮಗಳೇ, ನೀನೊಬ್ಬಳೇ. ಸಭೆ ಸಾವಿರ ಜನರದ್ದಾದರೂ ಒಬ್ಬಳದ್ದಾದರೂ ನಿನ್ನ ಅಪ್ಪನ ಗಂಟಲಿಗೆ ಇರುವುದು ಒಂದೇ ಅಳತೆ. ನಾನು ಫೋನಿನಲ್ಲಿ ಮಾತಾಡಿದ್ದಕ್ಕೆ ನಿನ್ನ ಪಕ್ಕದ ಕೋಣೆಯವರು ದೂರು ಕೊಟ್ಟರಂತೆ. "ಅಪ್ಪಾ, ನೀನು ಕೂಗ್ತೀಯ, ಒಂದಕ್ಷರ ತಿಳಿಯಲ್ಲ. ಇನ್ಮೇಲೆ ಬರೆದು ಕಳಿಸು" ಅಂದೆ. ಇಪ್ಪತ್ತೆರಡು ವರ್ಷ ನಾಟಕ ಕಂಪನಿಯಲ್ಲಿ ಮೈಕಿಲ್ಲದೆ ಕೊನೆಯ ಸಾಲಿನ ಕಿವಿ ನಡುಗಿಸಿದ ರಾಕ್ಷಸನಿಗೆ ಈ ಮಾತೇ? ಇರಲಿ. ಬರೆಯುತ್ತೇನೆ. ಹಳೆಯ ನಾಟಕದ ಭಿತ್ತಿಪತ್ರಗಳ ಬೆನ್ನೆಲ್ಲ ಖಾಲಿಯಿದೆ. ಈ ಸೋಂಕಿನ ಕಾಲದಲ್ಲಿ ಅಂಚೆಯ ವಿಮಾನಗಳೂ ನೆಲ ಕಚ್ಚಿರುವುದರಿಂದ ನಿನ್ನಮ್ಮ ತನ್ನ ಔಷಧಿ ಅಂಗಡಿಯ ಗಾಜಿನ ಮೇಜಿನ ಮೇಲೆ ಇದನ್ನು ಹರಡಿ, ಫೋಟೋ ತೆಗೆದು, ನಿನ್ನ ಫೋನಿಗೆ ಕಳಿಸುತ್ತಾಳೆ.

ಈಗ ತಡವಾಗಿ ಬಂದ ಸಭಿಕರಿಗಾಗಿ ಕಥೆ ಇಲ್ಲಿಯವರೆಗೆ!

ಇತ್ತ ನನ್ನ ಮಗಳು ಮಿಡತೆ. ಮರಳಿನಲ್ಲಿ ಚೆಂಡು ಎಲ್ಲಿ ಬೀಳುವುದೋ ಚೆಂಡಿಗಿಂತ ಮೊದಲು ಅಲ್ಲಿ ಬೀಳುವವಳು. ಅತ್ತ ಅವಳ ಜೋಡಿ ಏಣಿ. ನೆಟ್ಟಿನ ಮುಂದೆ ಕೈ ಎತ್ತಿದರೆ ಮೋಡಕ್ಕೆ ಕಚಗುಳಿ ಇಡುವವಳು. ಬೀಚ್ ವಾಲಿಬಾಲ್ ಅಂದರೆ ಒಂದು ಕಡೆಗೆ ಇಬ್ಬರೇ. ಬದಲಿಗೆ ನಿಲ್ಲಲು ಮೂರನೆಯವರಿಲ್ಲ. ಒಬ್ಬಳು ಬರದಿದ್ದರೆ ಇನ್ನೊಬ್ಬಳೂ ಇಲ್ಲ. ವಿಶ್ವ ಪಂದ್ಯಾವಳಿಯಲ್ಲಿ ಉಳಿದಿರುವುದು ಒಂದೇ ಒಂದು ಜಾಗ. ಆ ಜಾಗಕ್ಕಾಗಿ ನಡೆಯುವ ಆಟ ಮೂರು ಸಲ ಮುಂದೆ ಹೋಗಿ, ಎರಡು ಸಲ ದೇಶ ಬದಲಿಸಿ, ಈಗ ಏಪ್ರಿಲ್ ಹತ್ತೊಂಬತ್ತಕ್ಕೆ ಬಂದು ನಿಂತಿದೆ. ಆದರೆ ಏಪ್ರಿಲ್ ನಾಲ್ಕರೊಳಗೆ ಆ ದೇಶದಲ್ಲಿ ಕಾಲಿಡಬೇಕು, ಹದಿನಾಲ್ಕು ದಿನ ಕೋಣೆಯೊಳಗೆ ಬಂದಿಯಾಗಬೇಕು. ಐದನೇ ತಾರೀಕು ಬಂದವರಿಗೆ ಬಾಗಿಲಿಲ್ಲ! ಮೂರು ವಿಮಾನ ಹಿಡಿಯಬೇಕಾದ ನಮ್ಮ ಮಿಡತೆ ಮೊದಲನೆಯದನ್ನು ಇಳಿಯುವಷ್ಟರಲ್ಲಿ ಎರಡನೆಯದರ ದಾರಿ ಮುಚ್ಚಿತು. ತರಬೇತಿಗೆ ಹೋಗಿದ್ದ ಏಣಿ ಐದು ತಿಂಗಳಿಂದ ಹೋದಲ್ಲೇ ಸಿಕ್ಕಿಬಿದ್ದಿದ್ದಾಳೆ. ನಡುವೆ ಎರಡು ಸಮುದ್ರ, ನಾಲ್ಕು ಗಡಿ! ಸೇರುವರೇ? ಆಡುವರೇ?

ಇಲ್ಲಿ ನಮ್ಮ ಕಡಲದಂಡೆಯೂ ಬಂದ್. ಆದರೂ ದಿನಾ ಬೆಳಿಗ್ಗೆ ಹೋಗಿ ಅಂಕಣದ ಮರಳಿಗೆ ಕುಂಟೆ ಎಳೆದು, ಚಿಪ್ಪು ಆರಿಸಿ, ಗೆರೆಯ ಪಟ್ಟಿ ಬಿಗಿದು ಬರುತ್ತೇನೆ. ದಂಡೆಯ ಕಾವಲುಗಾರ ಕೇಳಿದ, "ಆಡೋರೇ ಇಲ್ಲ, ಯಾರಿಗೋಸ್ಕರ ಇದೆಲ್ಲ?"

"ಗಾಳಿ ಆಡ್ತಿದೆಯಲ್ಲಯ್ಯ! ಅದರ ಕಾಲಿಗೆ ಚಿಪ್ಪು ಚುಚ್ಚಬಾರದು" ಅಂದೆ.

"ಕುಂಟೆ ಎಳ್ಕೊಳ್ಳಿ, ಬೇಡ ಅನ್ನಲ್ಲ. ಮೈಕು ಮಾತ್ರ ಮುಟ್ಟಬೇಡಿ. ನೀವು ಬಾಯಿ ಬಿಟ್ರೆ ಜನ ಸೇರ್ತಾರೆ, ಜನ ಸೇರಿದ್ರೆ ನನ್ನ ಕೆಲಸ ಹೋಗುತ್ತೆ" ಅಂದ. ದಂಡೆಯ ಪಂದ್ಯಗಳಲ್ಲಿ ನಾನು ಮಾಡುವ ಘೋಷಣೆಗೆ ಇದಕ್ಕಿಂತ ದೊಡ್ಡ ಬಿರುದು ಯಾರು ಕೊಟ್ಟಾರು ಹೇಳು?

ಇಂತಿ,
ನಿವೃತ್ತ ರಾಕ್ಷಸ, ಹಾಲಿ ಮರಳಿನ ಮಂತ್ರಿ,
ನಿನ್ನ ಅಪ್ಪ

ಅಮ್ಮನ ಟಿಪ್ಪಣಿ: ಇನ್ನೂ ಎರಡು ಹಾಳೆ ಇತ್ತು. ಬರೀ ಹಿನ್ನೆಲೆ ಸಂಗೀತ. ಕಳಿಸಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು ಪುಟ್ಟಿ.

ಫೆಬ್ರವರಿ 19

ಅಪ್ಪಾ,

ನಿನ್ನ ಪತ್ರವನ್ನು ಓದಿದರೂ ಕಿವಿ ನೋಯುತ್ತದೆ. ಅದು ಹೇಗೆ ಸಾಧ್ಯ?

ನನ್ನ ಕೋಣೆ ಐದು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ಗೋಡೆಗೆ ಚೆಂಡು ಹೊಡೆದರೆ ಪಕ್ಕದವರು ವಾಪಸ್ ಕುಟ್ಟುತ್ತಾರೆ. ಸದ್ಯಕ್ಕೆ ನನಗಿರುವ ಎದುರಾಳಿ ಅವರೇ. ದಿನಾ ವಿಮಾನದ ಕಚೇರಿಗೆ ನಡೆದು ಹೋಗುತ್ತೇನೆ. ಗಾಜಿನ ಹಿಂದೆ ಒಬ್ಬರೇ ಮನುಷ್ಯ ಕೂತಿರುತ್ತಾರೆ.

"ನಾಳೆ ಬನ್ನಿ" ಅಂತಾರೆ.

"ನಾಳೆ ವಿಮಾನ ಇದೆಯಾ?"

"ಇಲ್ಲ. ನಾನು ಇರ್ತೀನಿ."

ಮೊನ್ನೆ ಒಂದು ವಿಮಾನ ಹೊರಡುವುದರಲ್ಲಿತ್ತು ಅಪ್ಪಾ. ಸಾಲಿನಲ್ಲಿ ನನ್ನ ಮುಂದೆ ಇದ್ದದ್ದು ಎಂಟೇ ಜನ. ಆದರೆ ಸೋಂಕಿಲ್ಲ ಎನ್ನುವ ಪರೀಕ್ಷೆಯ ಕಾಗದಕ್ಕೆ ಎಪ್ಪತ್ತೆರಡು ಗಂಟೆ ಆಯುಸ್ಸು. ವಿಮಾನ ಆರು ಗಂಟೆ ತಡ. ನನ್ನ ಸರದಿ ಬರುವಷ್ಟರಲ್ಲಿ ಕಾಗದ ಸತ್ತು ನಲವತ್ತು ನಿಮಿಷವಾಗಿತ್ತು. ನಾನು ಚೆನ್ನಾಗಿದ್ದೆ, ಕಾಗದಕ್ಕೆ ಹುಷಾರಿರಲಿಲ್ಲ. ಮತ್ತೆ ಮೂಗಿಗೆ ಕಡ್ಡಿ. ಇದು ಆರನೇ ಸಲ. ಕಡ್ಡಿ ಹಾಕುವ ನರ್ಸು ಈಗ ನನ್ನನ್ನು ಕಂಡರೆ "ಓ, ಬಂದ್ರಾ" ಅಂತಾರೆ.

ಹದಿನಾರು ಜೋಡಿ ಹೆಸರು ಕೊಟ್ಟಿದ್ದವು. ಈಗಾಗಲೇ ನಾಲ್ಕು ಜೋಡಿ "ಬರಲಾಗುವುದಿಲ್ಲ" ಎಂದು ಬರೆದಿವೆಯಂತೆ. ಏಣಿ ದಿನಾ ಒಂದೇ ಮಾತು ಕೇಳುತ್ತಾಳೆ: "ಬರ್ತೀಯ ತಾನೇ?" ನಾನೂ ದಿನಾ ಒಂದೇ ಉತ್ತರ ಕೊಡುತ್ತೇನೆ. ಫೋನು ಇಟ್ಟ ಮೇಲೆ ಸುಮ್ಮನೆ ಚೆಂಡು ಹಿಡಿದುಕೊಂಡು ಕೂತಿರುತ್ತೇನೆ.

ಮಿಡತೆ

ಮಾರ್ಚ್ 27

ಮಹಾಜನಗಳೇ, ಇನ್ನು ಎಂಟೇ ದಿನ!

ಭಿತ್ತಿಪತ್ರದ ಬೆನ್ನ ಮೇಲೆ ಭೂಪಟ ಬರೆದಿದ್ದೇನೆ. ಕೆಮ್ಮಿನ ಔಷಧಿಯ ನೀಲಿ ಮುಚ್ಚಳ ನೀನು, ಜ್ವರದ ಔಷಧಿಯ ಕೆಂಪು ಮುಚ್ಚಳ ಏಣಿ. ನಿನ್ನೆ ಕೆಂಪು ಮುಚ್ಚಳ ಎರಡು ಗಡಿ ದಾಟಿ ಪಂದ್ಯದ ಹೋಟೆಲಿನೊಳಗೆ ಬಿದ್ದಿತು ಎಂಬ ಸುದ್ದಿ ಬಂದಾಗ ನಾನು ಹಾಕಿದ ಕೂಗಿಗೆ ಅಂಗಡಿಗೆ ಬಂದಿದ್ದ ಗಿರಾಕಿ ರಕ್ತದೊತ್ತಡದ ಮಾತ್ರೆಯನ್ನು ಅಲ್ಲೇ ನುಂಗಿದ. ಇನ್ನು ನೀಲಿ ಮುಚ್ಚಳ! ದಾರಿ ಮುಚ್ಚಿದರೆ ಸುತ್ತು ದಾರಿ ಹಿಡಿ. ಮೂರು ವಿಮಾನದ ಬದಲು ಐದು ಹಿಡಿ. ನೀಲಿ ಮುಚ್ಚಳವನ್ನು ಬೆರಳಲ್ಲಿ ತಳ್ಳಿ ತಳ್ಳಿ ಅದರ ಬಣ್ಣವೇ ಹೋಗುತ್ತಿದೆ. ಬೇಗ ಹೊರಡು ಮಗಳೇ!

ಇಂತಿ,
ಭೂಪಟದ ಚಕ್ರವರ್ತಿ,
ಅಪ್ಪ

ಅಮ್ಮನ ಟಿಪ್ಪಣಿ: ಆ ಮುಚ್ಚಳದ ಬಾಟಲಿ ಎರಡೂ ಮಾರುವ ಹಾಗಿಲ್ಲ ಈಗ. ಬೇಗ ತಲುಪು.

ಏಪ್ರಿಲ್ 4

ಅಪ್ಪಾ! ಅಮ್ಮಾ!

ಬಂದೆ! ಬಂದುಬಿಟ್ಟೆ! ಬಾಗಿಲು ಮುಚ್ಚಲು ಎರಡು ಗಂಟೆ ಹತ್ತು ನಿಮಿಷ ಬಾಕಿಯಿತ್ತು. ನಾಲ್ಕು ವಿಮಾನ, ಒಂದು ಬಸ್ಸು, ಬೆಂಚಿನ ಮೇಲೆ ಎರಡು ದಿನ. ಅಧಿಕಾರಿ ನನ್ನ ಕಾಗದವನ್ನು ಮೂರು ಸಲ ತಿರುವಿ ನೋಡಿ ಮುದ್ರೆ ಒತ್ತಿದಾಗ ನನಗೆ ನಿನ್ನ ಹಾಗೆ ಕೂಗಬೇಕೆನಿಸಿತು.

ಕೂಗಲಿಲ್ಲ. ನನ್ನ ಹಿಂದೆಯೇ ಇನ್ನೊಂದು ಜೋಡಿ ಇತ್ತು. ಒಬ್ಬಳ ಪರೀಕ್ಷೆಯಲ್ಲಿ ಸೋಂಕು ಬಂತು. ಇಬ್ಬರನ್ನೂ ಪಕ್ಕಕ್ಕೆ ಕರೆದರು. ಚೆನ್ನಾಗಿದ್ದವಳು ತನ್ನ ಜೋಡಿಯ ಚೀಲವನ್ನೂ ತಾನೇ ಹೆಗಲಿಗೇರಿಸಿಕೊಂಡು ನಡೆದುಹೋದಳು.

ಹೋಟೆಲಿನ ಕೋಣೆಗಳು ಅಂಗಳದ ಸುತ್ತ ಇವೆ. ನನ್ನದು ಮೂರನೇ ಮಹಡಿ. ಕಿಟಕಿ ತೆರೆಯುವುದಿಲ್ಲ. ಯಾರು ಮೊದಲು ಬಂದಿದ್ದರೂ ಎಲ್ಲರ ಬೀಗ ತೆಗೆಯುವುದು ಹದಿನೆಂಟಕ್ಕೇ. ಬಾಗಿಲ ಹೊರಗೆ ಊಟದ ಡಬ್ಬ ಇಟ್ಟು, ತಟ್ಟಿ, ಓಡಿಹೋಗುತ್ತಾರೆ. ಪರದೆ ಸರಿಸಿದೆ ಅಪ್ಪಾ, ಎದುರು ಕಿಟಕಿಯಲ್ಲಿ ಏಣಿ! ಏಳು ತಿಂಗಳ ಮೇಲೆ! ಕೂದಲು ತಾನೇ ಕತ್ತರಿಸಿಕೊಂಡಿದ್ದಾಳೆ, ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ನಾನು ಗಾಜಿಗೆ ಮೂಗು ಒತ್ತಿದೆ. ಅವಳು ನೆಗೆದಳು, ತಲೆ ಮೇಲಿನ ಚೌಕಟ್ಟಿಗೆ ಹೊಡೆಯಿತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಒಂದಿಷ್ಟೂ ಕೇಳಿಸಲಿಲ್ಲ.

ಈಗ ಒಂದು ಸಲಹೆ ಬೇಕು. ಕೈಸನ್ನೆ ನಿನಗೆ ಗೊತ್ತಲ್ಲ. ಆಟದಲ್ಲಿ ಏಣಿ ನನಗೆ ಬೆನ್ನು ತೋರಿಸಿ ನೆಟ್ಟಿನ ಮುಂದೆ ನಿಲ್ಲುತ್ತಾಳೆ. ಬೆನ್ನ ಹಿಂದೆ ಎಡಗೈ ತೋರಿಸಿದರೆ, ಎಡಭಾಗವನ್ನು ಅವಳು ತಡೆಯುತ್ತಾಳೆ, ಬಲಭಾಗ ನಾನು ಕಾಯಬೇಕು. ಬಲಗೈ ತೋರಿಸಿದರೆ ತಿರುಗುಮುರುಗು. ಏಳು ತಿಂಗಳಲ್ಲಿ ನನ್ನ ಕಾಲಿಗೆ ಅದೆಲ್ಲ ಮರೆತೇಹೋಗಿದೆ. ಕಿಟಕಿಯಿಂದ ಕಿಟಕಿಗೆ ಅಭ್ಯಾಸ ಮಾಡೋಣ ಅಂತಿದ್ದೇವೆ. ಅವಳು ಬೆನ್ನು ಮಾಡಿ ನಿಂತರೆ ಆಟದ ಹಾಗೇ ಇರುತ್ತದೆ. ಆದರೆ ಇಷ್ಟು ದಿನದ ಮೇಲೆ ಸಿಕ್ಕಿದ್ದಾಳೆ, ಬೆನ್ನು ನೋಡಿಕೊಂಡು ಕೂರಲೇ? ನೀನೇ ಹೇಳು.

ಮಿಡತೆ

ಏಪ್ರಿಲ್ 5

ಕೇಳಿದಿರಾ ಮಹಾಜನಗಳೇ? ಕೇಳಿದಿರಾ? ನನ್ನ ಮಗಳು ಸಲಹೆ ಕೇಳಿದ್ದಾಳೆ! ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ! ತುತ್ತೂರಿ ಊದಿ!

ಬೆನ್ನು ನೋಡಿಕೊಂಡು ತಾಲೀಮು ಮಾಡಿದ ನಟನನ್ನು ನಾನು ಕಂಡಿಲ್ಲ. ರಾಜನೂ ರಾಕ್ಷಸನೂ ಕಣ್ಣಲ್ಲಿ ಕಣ್ಣಿಟ್ಟು ನಿಂತರೇ ಕತ್ತಿಗೆ ಜೀವ ಬರುವುದು. ಎದುರುಬದುರು ನಿಲ್ಲಿ! ಅವಳು ಎಡಗೈ ಎತ್ತಿದರೆ ನಿನ್ನ ಕಣ್ಣಿಗೆ ಅದು ಬಲಕ್ಕೆ ಕಾಣುತ್ತದೆ. ನೀನು ಕಾಯಬೇಕಾದದ್ದೂ ಬಲವೇ. ಎಷ್ಟು ಸುಲಭ ನೋಡು! ತಲೆ ಕೆಡಿಸಿಕೊಳ್ಳಬೇಡ, ಕೈ ಕಂಡ ಕಡೆಗೆ ಹಾರು! ದಿನಕ್ಕೆ ಐನೂರು ಸಲ! ತಲೆ ಮರೆತರೂ ಕಾಲು ಮರೆಯಬಾರದು!

ಇಂತಿ,
ತಾಲೀಮಿನ ಗುರು, ಅಭಿನಯ ಭಯಂಕರ,
ಅಪ್ಪ

ಅಮ್ಮನ ಟಿಪ್ಪಣಿ: ಹಾಸಿಗೆ ಮೇಲೆ ಹಾರು. ಕೆಳಗಿನ ಮಹಡಿಯವರೂ ಮನುಷ್ಯರೇ.

ಏಪ್ರಿಲ್ 9

ಅಪ್ಪಾ,

ಏಣಿಯ ಅಜ್ಜಿ ನಿನ್ನೆ ಮಧ್ಯಾಹ್ನ ತೀರಿಕೊಂಡರು.

ಅವಳನ್ನು ಸಾಕಿದ್ದು ಅವರೇ ಅಂತ ನಿನಗೆ ಗೊತ್ತು. ಈಗ ಹೊರಟರೂ ಮುಖ ನೋಡಲು ಸಿಗುವುದಿಲ್ಲ. ಅಲ್ಲಿ ಇಳಿದವರಿಗೂ ಹದಿನಾಲ್ಕು ದಿನ ಬೀಗ. ನಮ್ಮಿಬ್ಬರ ನಡುವೆ ಇರುವುದು ಇಪ್ಪತ್ತು ಹೆಜ್ಜೆಯ ಅಂಗಳ. ಬಾಗಿಲು ತೆರೆದೆ. ಮೊಗಸಾಲೆಯ ಕಾವಲಿನವರು ಎದ್ದು ನಿಂತರು. ವಿಷಯ ಹೇಳಿದೆ. ಅವರು ಕಣ್ಣು ಕೆಳಗೆ ಹಾಕಿದರು, ದಾರಿ ಬಿಡಲಿಲ್ಲ. ನಾನು ಹೊರಗೆ ಕಾಲಿಟ್ಟರೆ ಇಬ್ಬರೂ ಪಂದ್ಯದಿಂದಲೇ ಹೊರಗೆ.

ಕಿಟಕಿಗೆ ಬಂದು ನಿಂತೆ. ಅವಳೂ ನಿಂತಿದ್ದಳು. ಫೋನಿನಲ್ಲಿ "ಇವತ್ತು ಬೇಡ ಬಿಡೇ" ಅಂದೆ.

"ಇಲ್ಲ ಕಣೇ. ನಾನು ಕೈ ತೋರಿಸ್ತೀನಿ, ನೀನು ಹಾರು. ಮುಖ ಮಾತ್ರ ಈ ಕಡೆಗಿರಲಿ" ಅಂದಳು.

ಎಂಟುನೂರು ಸಲ ಹಾರಿದೆ.

ನೀನು ಮೈಕಿನಲ್ಲಿ "ಅಜ್ಜಿ ಸಾಕಿದ ಏಣಿ" ಅಂತ ಎಳೆದು ಕೂಗುತ್ತಿದ್ದೆಯಲ್ಲ, ಅದನ್ನು ಅವಳು ಧ್ವನಿಮುದ್ರಿಸಿ ಅಜ್ಜಿಗೆ ಕಳಿಸುತ್ತಿದ್ದಳಂತೆ. ಅಜ್ಜಿ ಮನೆಗೆ ಬಂದವರಿಗೆಲ್ಲ ಅದನ್ನು ಕೇಳಿಸುತ್ತಿದ್ದರಂತೆ.

ಮಿಡತೆ

ಏಪ್ರಿಲ್ 9

ಮಗಳೇ,

ನಾಲ್ಕು ಹಾಳೆ ಬರೆದು ಹರಿದೆ. ಅವಳ ಮುಖ ಕಾಣುವಷ್ಟು ಹೊತ್ತೂ ಕಿಟಕಿ ಬಿಟ್ಟು ಹೋಗಬೇಡ.

ಅಪ್ಪ

ಅಮ್ಮನ ಟಿಪ್ಪಣಿ: ಇವರು ಬೆಳಿಗ್ಗೆಯಿಂದ ಬಾಯಿ ಬಿಟ್ಟಿಲ್ಲ. ಬೀದಿಯವರೆಲ್ಲ ಬಂದು ಹುಷಾರಿಲ್ವಾ ಅಂತ ನನ್ನನ್ನು ಕೇಳುತ್ತಿದ್ದಾರೆ.

ಏಪ್ರಿಲ್ 19

ಅಪ್ಪಾ,

ಸೋತೆವು. ಇಪ್ಪತ್ತೊಂದು ಒಂಬತ್ತು, ಇಪ್ಪತ್ತೊಂದು ಹನ್ನೊಂದು. ನೀವೂ ನೋಡಿರುತ್ತೀರಿ.

ನಿನ್ನೆ ಹೊರಗೆ ಬಿಟ್ಟರು. ಅಭ್ಯಾಸಕ್ಕೆ ಕೊಟ್ಟದ್ದು ನಲವತ್ತು ನಿಮಿಷ, ಅದೂ ಎದುರಾಳಿ ಇಲ್ಲದೆ. ಮರಳಿನ ಮೇಲೆ ಕಾಲಿಟ್ಟಾಗ ಇಬ್ಬರಿಗೂ ಹುಚ್ಚು ಹಿಡಿದಂತಾಗಿತ್ತು. ಚೆನ್ನಾಗಿಯೇ ಹೊಡೆದೆವು.

ಇವತ್ತು ಎಲ್ಲ ತಲೆಕೆಳಗು. ಪ್ರೇಕ್ಷಕರ ಕುರ್ಚಿಗಳೆಲ್ಲ ಖಾಲಿ. ಸ್ಪೀಕರ್ ಪೆಟ್ಟಿಗೆಯಿಂದ ಧ್ವನಿಮುದ್ರಿಸಿದ ಚಪ್ಪಾಳೆ ಬರುತ್ತದೆ. ಚೆಂಡನ್ನು ಗಳಿಗೆಗೊಮ್ಮೆ ಒರೆಸುತ್ತಾರೆ. ಯಾರೋ ನಮ್ಮ ಹೆಸರನ್ನು ರೈಲು ಬರುವ ಹೊತ್ತು ಹೇಳಿದ ಹಾಗೆ ಹೇಳಿದರು. ಇದೆಲ್ಲ ನೆಪ, ಬಿಡು. ನಿಜವಾಗಿ ಆದದ್ದೇನೆಂದರೆ, ಏಣಿ ಎಡ ತಡೆದರೆ ನಾನೂ ಎಡಕ್ಕೇ ಇರುತ್ತಿದ್ದೆ. ಬಲ ತಡೆದರೆ ಬಲಕ್ಕೇ. ಎರಡು ಸಲ ಡಿಕ್ಕಿ ಹೊಡೆದೆವು. ಇನ್ನರ್ಧ ಅಂಕಣ ಬಯಲಾಗಿ ಬಿದ್ದಿತ್ತು. ಅವರು ಚೆಂಡನ್ನು ಅಲ್ಲಿ ಸುಮ್ಮನೆ ಇಟ್ಟು ಹೋದರು.

"ಎಡ ತೋರಿಸಿದ್ನಲ್ಲೇ!"

"ನೋಡಿದ್ನಲ್ಲೇ!"

"ನೋಡಿ ಮತ್ತೆ?"

"ಗೊತ್ತಿಲ್ಲ ಕಣೇ, ಕಾಲು ತಾನಾಗೇ ಹೋಯ್ತು!"

ಕೊನೆಗೆ ಅವಳು, "ನಿನ್ನದೇನಿಲ್ಲ. ನನ್ನ ತಲೆ ಇಲ್ಲಿಲ್ಲ. ಕೈ ಏನು ತೋರಿಸ್ತಿದೆಯೋ ನನಗೇ ಗೊತ್ತಾಗ್ತಿಲ್ಲ. ನಾನು ಅವತ್ತೇ ಹೊರಟು ಹೋಗಬೇಕಿತ್ತು" ಅಂದಳು. ಕೋಣೆ ಸೇರಿ ಪರದೆ ಎಳೆದುಕೊಂಡಿದ್ದಾಳೆ. ಹದಿನೈದು ದಿನದಲ್ಲಿ ಆ ಪರದೆ ಮುಚ್ಚಿದ್ದು ಇದೇ ಮೊದಲು.

ಬಂದದ್ದು ಒಂಬತ್ತೇ ಜೋಡಿ. ಒಂದು ಸೋಲಿಗೆ ಕ್ಷಮೆಯಿದೆ, ಎರಡನೆಯದಕ್ಕಿಲ್ಲ. ನಾಳೆ ಹನ್ನೊಂದಕ್ಕೆ ಮುಂದಿನ ಆಟ. ಸೋತರೆ ಎಲ್ಲ ಇಲ್ಲಿಗೆ ಮುಗಿಯಿತು.

ಮಿಡತೆ

ಏಪ್ರಿಲ್ 19, ಸಂಜೆ

ಪರದೆ ತೆಗೆಸು! ಏಣಿಯನ್ನು ಕರೆ! ಸಭಿಕರೇ, ಯಾರೂ ಏಳಬೇಡಿ, ನಾಟಕ ಮುಗಿದಿಲ್ಲ! ಅಪರಾಧಿ ಸಿಕ್ಕಿದ್ದಾನೆ!

ಏಣಿಯಲ್ಲ. ನೀನಲ್ಲ. ಅಪರಾಧಿ ಇಲ್ಲಿ, ಔಷಧಿ ಅಂಗಡಿಯ ಸ್ಟೂಲಿನ ಮೇಲೆ, ಭಿತ್ತಿಪತ್ರದ ಬೆನ್ನ ಮೇಲೆ ಬಗ್ಗಿ ಕೂತಿದ್ದಾನೆ. ನಾನು!

ಆಟವನ್ನು ನಿನ್ನಮ್ಮನ ಫೋನಿನಲ್ಲಿ ನೋಡಿದೆ. ಮತ್ತೆ ನೋಡಿದೆ. ಮೂರನೇ ಸಲ ನೋಡುವಾಗ ಆಟ ನಿಲ್ಲಿಸಿ ನಿಲ್ಲಿಸಿ ಒಂದೊಂದು ಸನ್ನೆಯನ್ನೂ ಎಣಿಸಿದೆ. ಏಣಿಯ ಕೈ ಒಂದು ಸಲವೂ ತಪ್ಪಿಲ್ಲ. ಎಡ ತೋರಿಸಿ ಎಡವನ್ನೇ ತಡೆದಿದ್ದಾಳೆ, ಬಲ ತೋರಿಸಿ ಬಲವನ್ನೇ. ಅವಳ ತಲೆ ಎಲ್ಲೇ ಇರಲಿ, ಅವಳ ಕೈ ನಿನ್ನ ಹತ್ತಿರವೇ ಇತ್ತು ಎಂದು ಅವಳಿಗೆ ಮೊದಲು ಹೇಳು. ನೀನು ಮಾಡಿದ್ದೇನು? ಪ್ರತಿ ಸಲವೂ ಕೈ ಕಂಡ ಕಡೆಗೆ ಹಾರಿದೆ. ಯಾರು ಹೇಳಿಕೊಟ್ಟದ್ದು? ಅಭಿನಯ ಭಯಂಕರ!

ಕಿಟಕಿಯಲ್ಲಿ ಎದುರುಬದುರು ನಿಂತಾಗ ಅವಳ ಎಡಗೈ ನಿನ್ನ ಬಲಕ್ಕಿತ್ತು. ಕೈ ಕಂಡ ಕಡೆಗೆ ಹಾರಿದರೆ ಸರಿಯಾಗುತ್ತಿತ್ತು. ಅಂಕಣದಲ್ಲಿ ಅವಳು ಬೆನ್ನು ತಿರುಗಿಸಿ ನಿಂತಳು. ಎಡಗೈ ಎಡಕ್ಕೇ ಬಂತು. ನಿನ್ನ ಕಾಲು ಮಾತ್ರ ಇನ್ನೂ ಕಿಟಕಿಯಲ್ಲೇ ಇದೆ. ಹದಿನಾಲ್ಕು ದಿನ, ಏಳು ಸಾವಿರ ಸಲ! ತಲೆ ಮರೆತರೂ ಕಾಲು ಮರೆಯಬಾರದು ಅಂದೆನಲ್ಲ, ಮರೆಯಲಿಲ್ಲ.

ನಾಚಿಕೆಯ ಮಾತು ಇನ್ನೂ ಇದೆ. ಈ ತಪ್ಪನ್ನು ನಾನು ಮೊದಲೇ ಒಂದು ಸಲ ಮಾಡಿದವನು! ಕಂಪನಿಗೆ ಸೇರಿದ ಹೊಸತರಲ್ಲಿ ಮೇಷ್ಟ್ರು ಎದುರಿಗೆ ಕೂತು, ಬಲಗೈ ಚಾಚಿ, "ಈ ಕಡೆ ನುಗ್ಗು" ಎಂದು ತಿಂಗಳುಗಟ್ಟಲೆ ಕಲಿಸಿದರು. ಪ್ರದರ್ಶನದ ದಿನ ಅವರು ಬದಿಯ ಪರದೆಯಲ್ಲಿ ನನಗೆ ಬೆನ್ನು ಮಾಡಿ ನಿಂತು ಅದೇ ಬಲಗೈಯಲ್ಲಿ ಸನ್ನೆ ಮಾಡಿದರು. ನಾನು ಗದೆ ಎತ್ತಿ, ಗರ್ಜಿಸಿ, ತಪ್ಪು ದಿಕ್ಕಿಗೆ ನುಗ್ಗಿ ರಾಜನ ತೊಡೆಯ ಮೇಲೆ ಕೂತೆ. ರಾಜ ಮೆಲ್ಲಗೆ, "ಇಳಿಯಯ್ಯ, ಕಿರೀಟ ಬೀಳುತ್ತೆ" ಅಂದ. ಜನ ಮೂರು ನಿಮಿಷ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನೆನಪಿಟ್ಟೆ, ಪಾಠ ಮರೆತೆ. ಮಗಳು ಸಲಹೆ ಕೇಳಿದಳೆಂದು ಉಬ್ಬಿಹೋಗಿ ಅದೇ ಗುಂಡಿಗೆ ನಿನ್ನನ್ನೂ ತಳ್ಳಿದೆ.

ಈಗ ಮದ್ದು. ನಿನ್ನ ಕಾಲಿಗೆ ನಾಳೆ ಹನ್ನೊಂದರೊಳಗೆ ಪಾಠ ಮರೆಸಲು ಸಾಧ್ಯವಿಲ್ಲ. ಮರೆಸಬೇಡ! ಏಣಿ ಕೈ ಬದಲಿಸಲಿ. ತಾನು ಎಡ ತಡೆಯುವಾಗ ಬಲಗೈ ತೋರಿಸಲಿ, ಬಲ ತಡೆಯುವಾಗ ಎಡಗೈ. ಚೆಂಡು ಏಳುವ ಮೊದಲು ಅವಳಿಗೆ ಯೋಚಿಸಲು ಮೂರು ಉಸಿರಿನ ಹೊತ್ತಿದೆ, ನಿನಗೆ ಅರ್ಧ ಉಸಿರೂ ಇಲ್ಲ. ನೀನು ಕಿಟಕಿಯಲ್ಲಿ ಹಾರಿದ ಹಾಗೇ ಹಾರು, ಕೈ ಕಂಡ ಕಡೆಗೆ!

ಫೋನನ್ನೇ ಎತ್ತಿಕೊಂಡಿದ್ದೆ. ನಿನ್ನಮ್ಮ ಕಿತ್ತುಕೊಂಡಳು. "ನೀವು ಈಗ ಕೂಗಾಡಿದ್ರೆ ಅವಳಿಗೆ ಎಡ ಬಲ ಎರಡೂ ಮರೆತುಹೋಗುತ್ತೆ. ಬರೀರಿ, ಸ್ಪಷ್ಟವಾಗಿ ಬರೀರಿ" ಅಂದಳು.

ಕ್ಷಮಿಸು.

ಅಪ್ಪ

ಅಮ್ಮನ ಟಿಪ್ಪಣಿ: ಒಂದು ಅಕ್ಷರವನ್ನೂ ಬಿಡದೆ ಕಳಿಸಿದ್ದೇನೆ.

ಏಪ್ರಿಲ್ 22

ಅಪ್ಪಾ, ಅಮ್ಮಾ,

ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ. ಮೊದಲಿಂದ ಹೇಳುತ್ತೇನೆ. ಆಟ ಗೊತ್ತಿದ್ದರೂ ಕೇಳಬೇಕು!

ಅವತ್ತು ನಿನ್ನ ಪತ್ರ ಬಂದಾಗ ಏಣಿಯ ಪರದೆ ಇನ್ನೂ ಮುಚ್ಚಿತ್ತು. ಫೋನು ಎತ್ತಲಿಲ್ಲ. ಈಗ ನಾವು ಹೊರಗೆ ನಡೆದಾಡಬಹುದಲ್ಲ, ಅವಳ ಬಾಗಿಲಿಗೇ ಹೋದೆ. ಊಟದ ಡಬ್ಬ ಇಡುವವರ ಹಾಗೆ ತಟ್ಟಿದೆ. ತೆರೆದಳು. ನಿನ್ನ ಪತ್ರವನ್ನು ನಿನ್ನ ಧ್ವನಿಯಲ್ಲೇ ಓದಿದೆ. "ಅವಳ ಕೈ ನಿನ್ನ ಹತ್ತಿರವೇ ಇತ್ತು" ಅನ್ನುವಲ್ಲಿ ಅವಳು ಮಂಚದ ಮೇಲೆ ಕುಳಿತುಬಿಟ್ಟಳು. ರಾಜನ ತೊಡೆಯ ಭಾಗಕ್ಕೆ ಬಂದಾಗ ನಗಲು ಶುರು ಮಾಡಿದಳು. ಹನ್ನೊಂದು ದಿನದಲ್ಲಿ ಮೊದಲ ನಗು. ಅಳುವೂ ಸೇರಿಕೊಂಡಿತ್ತು. ಆಮೇಲೆ ಎದ್ದು, ಬೆನ್ನು ತಿರುಗಿಸಿ ನಿಂತು, ಬಲಗೈ ತೋರಿಸಿ, "ಎಲ್ಲಿಗೆ ಹೋಗ್ತೀಯಾ?" ಅಂದಳು. ನನ್ನ ಕಾಲು ತಾನಾಗಿ ಬಲಕ್ಕೆ ಹೋಯಿತು. "ಇಷ್ಟೇನಾ?" ಅಂದಳು. "ಇಷ್ಟೇ" ಅಂದೆ.

ಇಪ್ಪತ್ತಕ್ಕೆ ಗೆದ್ದೆವು. ಇಪ್ಪತ್ತೊಂದಕ್ಕೆ ಗೆದ್ದೆವು, ಎರಡೂ ನೇರ ಸೆಟ್. ಇವತ್ತು ಕೊನೆಯದು, ಇಲ್ಲಿ ಯಾರ ಸೋಲಿಗೂ ಕ್ಷಮೆಯಿಲ್ಲ. ಎದುರಿಗೆ, ಮೊದಲ ದಿನ ನಮ್ಮನ್ನು ಚಿಂದಿ ಮಾಡಿದ್ದರಲ್ಲ, ಅದೇ ಜೋಡಿ! ಅವರು ಮೊದಲ ಸೆಟ್ಟಿನಲ್ಲಿ ಹಳೆಯ ಖಾಲಿ ಜಾಗಕ್ಕೇ ಚೆಂಡು ಇಟ್ಟರು. ಅಲ್ಲಿ ನಾನಿದ್ದೆ. ಅವರ ಮುಖ ನೋಡಬೇಕಿತ್ತು ಅಪ್ಪಾ! ಎರಡನೇ ಸೆಟ್ ಅವರು ಕಿತ್ತುಕೊಂಡರು. ಹದಿನೈದಕ್ಕೇ ಮುಗಿಯುವ ಮೂರನೆಯದರಲ್ಲಿ ನಾವು ಹದಿನಾಲ್ಕು, ಅವರು ಹದಿಮೂರು. ನಮ್ಮ ಸರ್ವ್.

ಚೆಂಡು ಹಿಡಿದು ನಿಂತೆ. ಏಣಿಯ ಬೆನ್ನು ನೋಡಿದೆ. ಬೆನ್ನು ಅಳುತ್ತಿದೆಯೋ ನಗುತ್ತಿದೆಯೋ ಗೊತ್ತಾಗುವುದಿಲ್ಲ. ಅಲ್ಲಿ ಒಂದು ಕೈ ಬಂತು. ಬಲಗೈ.

ಸರ್ವ್ ಮಾಡಿದೆ, ಬಲಕ್ಕೆ ಹೋದೆ. ಅವಳು ಎಡದಲ್ಲಿ ಗೋಡೆಯ ಹಾಗೆ ಎದ್ದಳು. ಹೊಡೆಯುವವಳಿಗೆ ಉಳಿದದ್ದು ಬಲವೊಂದೇ. ಚೆಂಡು ಗೆರೆಯ ಪಟ್ಟಿಗೆ ಒಂದು ಗೇಣು ಒಳಗೆ ಬೀಳುತ್ತಿತ್ತು. ಹಾರಿದೆ! ಬಾಯಿಗೆ ಮರಳು ಬಂತು, ಮಣಿಕಟ್ಟಿಗೆ ಚೆಂಡು ಬಂತು. ಮೇಲಕ್ಕೆ ಹೋಯಿತು. ನಾನು ಏಳುವವರೆಗೆ ಏಣಿ ಕಾಯಲಿಲ್ಲ. ಎರಡನೇ ಮುಟ್ಟಿಗೇ ಬೆರಳ ಗೆಣ್ಣಿನಿಂದ ಆಚೆ ತಳ್ಳಿದಳು. ಅಲ್ಲಿ ಯಾರೂ ಇರಲಿಲ್ಲ.

ಆಮೇಲೆ ಅವಳು ತಿರುಗಿದಳು.

ಇಪ್ಪತ್ತು ಹೆಜ್ಜೆಯ ಅಂಗಳದಲ್ಲಿ ಆಗದಿದ್ದದ್ದು ಎರಡೇ ಹೆಜ್ಜೆಯಲ್ಲಿ ಆಯಿತು, ತಬ್ಬಿಕೊಂಡೆವು. ಪೆಟ್ಟಿಗೆಯ ಚಪ್ಪಾಳೆ ಹಾಕುವವರು ಗುಂಡಿ ಒತ್ತಲು ಮರೆತಿದ್ದರು. ಒಂದು ನಿಮಿಷ ಸಮುದ್ರ ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಜಾಗ ನಮ್ಮದು! ವಿಶ್ವ ಪಂದ್ಯಾವಳಿಗೆ ನಾವು! ಆದರೆ ಮನೆಗೆ ಬಂದರೆ ಮತ್ತೆ ಹೊರಡುವ ದಾರಿ ತೆರೆದಿರುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಇಲ್ಲಿಂದ ನೇರವಾಗಿ ಅಲ್ಲಿಗೆ ಹೋಗುತ್ತೇವೆ. ನಿಮ್ಮನ್ನು ನೋಡುವುದು ಇನ್ನು ಜುಲೈಗೇ. ಏಣಿಯೂ ಅಲ್ಲಿಯವರೆಗೆ ಅಜ್ಜಿಯ ಮನೆಗೆ ಹೋಗುವ ಹಾಗಿಲ್ಲ.

ಗೆದ್ದವರ ಹೆಸರನ್ನೂ ಅದೇ ರೈಲಿನ ಧ್ವನಿಯಲ್ಲಿ ಓದಿದರು. ಏಣಿ ನನ್ನ ಕಿವಿಯಲ್ಲಿ, "ನಿಮ್ಮಪ್ಪ ಇದ್ದಿದ್ರೆ" ಅಂದಳು. ಅಷ್ಟೇ ಅಂದಳು. ಅದಕ್ಕೆ ಕೇಳುತ್ತಿದ್ದೇನೆ. ಒಂದು ಸಲ ಫೋನ್ ಮಾಡು ಅಪ್ಪಾ. ಕೂಗು. ಪಕ್ಕದ ಕೋಣೆಯವರು ದೂರು ಕೊಟ್ಟರೆ ಕೊಡಲಿ.

ನಿಮ್ಮ,
ಮಿಡತೆ

ಏಪ್ರಿಲ್ 23

ಮಹನೀಯರೇ! ಮಹಾಜನಗಳೇ! ಕಂಬ ಹತ್ತಿದ ವೀರರೇ! ಎಲ್ಲರೂ ಎದ್ದು ನಿಲ್ಲಿ!

ಕೊನೆಯ ಚೆಂಡು ಬಿದ್ದಾಗ ಕೂಗಿದ್ದು ನಾನಲ್ಲ ಮಗಳೇ. ನಿನ್ನಮ್ಮ! ಗಾಜಿನ ಮೇಜನ್ನು ಗುದ್ದಿದಳು, ಮಾತ್ರೆಯ ಡಬ್ಬಗಳು ಕವಾಯತು ಮಾಡಿದವು. ಒಂದೊಂದು ಮೀಟರ್ ದೂರದಲ್ಲಿ ಸಾಲು ನಿಂತಿದ್ದ ಗಿರಾಕಿಗಳು ಬೆಕ್ಕಸ ಬೆರಗಾದರು. ನಾನೋ, ಬಾಯಿ ತೆರೆದೆ, ಸ್ವರವೇ ಬರಲಿಲ್ಲ. ಇಪ್ಪತ್ತೆರಡು ವರ್ಷದ ಗಂಟಲು ಮೊದಲ ಸಲ ಮಾತು ಮರೆತು ನಿಂತಿತು. ಹಾಗಾಗಿ ನನ್ನ ಕೂಗು ಇನ್ನೂ ಒಳಗೇ ಇದೆ, ಪೂರ್ತಿ ಇದೆ, ಒಂದು ಚೂರೂ ಖರ್ಚಾಗಿಲ್ಲ.

ನಿನ್ನ ಪತ್ರ ಹಿಡಿದು ಸೀದಾ ದಂಡೆಗೆ ಓಡಿದೆ. ಕಾವಲುಗಾರನಿಗೆ ಓದಿ ಹೇಳಿದೆ. ಅವನು ಟೋಪಿ ತೆಗೆದು, ತಲೆ ಕೆರೆದು, ಸಮುದ್ರದ ಕಡೆ ನೋಡಿದ.

"ಘೋಷಣೆ ಮಾಡೋ ಹಾಗಿಲ್ಲ" ಅಂದ.

"ಗೊತ್ತಯ್ಯ."

"ಆದ್ರೆ ಮೈಕು ಒಂದು ವರ್ಷದಿಂದ ಮೂಲೇಲಿ ಬಿದ್ದಿದೆ. ಕೆಟ್ಟಿದೆಯೋ ಏನೋ, ಪರೀಕ್ಷೆ ಮಾಡಿ ನೋಡೋದು ದುರಸ್ತಿ ಕೆಲಸ ಅಲ್ವಾ? ದುರಸ್ತಿಗೆ ಅನುಮತಿ ಇದೆ. ಆರು ಗಂಟೆಗೆ, ಐದು ನಿಮಿಷ. ಜನ ಸೇರಬಾರದು."

"ಜನ ಸೇರಲ್ಲ. ಸಭಿಕರು ಮಾತ್ರ ಇರ್ತಾರೆ" ಅಂದೆ.

ಕೇಳಿಸಿಕೊಳ್ಳಿ ಇಬ್ಬರೂ! ನಾಳೆ ಬೆಳಿಗ್ಗೆ ಐದಕ್ಕೆ ಎದ್ದು ಅಂಕಣಕ್ಕೆ ಕುಂಟೆ ಎಳೆಯುತ್ತೇನೆ. ಗೆರೆಯ ಪಟ್ಟಿ ಬಿಗಿಯುತ್ತೇನೆ. ಮೊದಲ ಸಾಲಿನ ನಡುವಿನ ಕುರ್ಚಿಯನ್ನು ಒರೆಸಿ ಅಜ್ಜಿಗೆ ಇಡುತ್ತೇನೆ, ಪಕ್ಕದ್ದರಲ್ಲಿ ನಿನ್ನಮ್ಮ ಫೋನು ಹಿಡಿದು ಕೂರುತ್ತಾಳೆ. ಸರಿಯಾಗಿ ಆರಕ್ಕೆ ಮೈಕಿನ ಧೂಳು ಊದಿ, ಎದೆ ತುಂಬ ಉಸಿರು ಎಳೆದು, ಮೊದಲ ಕುರ್ಚಿಯಿಂದ ಹಿಡಿದು ಸಮುದ್ರದ ಆಚೆ ದಡದವರೆಗೆ ಮುಟ್ಟುವಂತೆ "ಅಜ್ಜಿ ಸಾಕಿದ ಏಏಏಣಿ!" ಎಂದು ಕೂಗುತ್ತೇನೆ. ಫೋನನ್ನು ಕಿವಿಯಿಂದ ದೂರ ಹಿಡಿದುಕೊಳ್ಳಿ.

ಅಪ್ಪ